ಮಲ್ಪೆ: ಕಡಲತೀರ, ಬಂದರು ಮತ್ತು ಸೈಂಟ್ ಮೇರೀಸ್ ದ್ವೀಪ – ಸಂದರ್ಶಕರಿಗೆ ಮಾಹಿತಿ

ಮಲ್ಪೆಯು ಉಡುಪಿಯ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದ ದಡದಲ್ಲಿರುವ ಉಪನಗರವಾಗಿದ್ದು, ಉಡುಪಿ ನಗರಸಭೆಯ ವ್ಯಾಪ್ತಿಗೆ ಒಳಪಟ್ಟಿರುತ್ತದೆ. ಉದ್ಯಾವರ ಹೊಳೆಯು ಸಮುದ್ರ ಸೇರುವ ಸ್ಥಳದಲ್ಲಿ ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರು ಇರುತ್ತದೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಶ್ರೀಕೃಷ್ಣ ಮಠದ ದರ್ಶನ ಮುಗಿಸಿ, ಉಳಿದ ಅರ್ಧ ದಿನವನ್ನು ಕಡಲತೀರದಲ್ಲಿ ಕಳೆಯಲು ಬರುವವರು. ಮಲ್ಪೆಯಲ್ಲಿ ಯಾವುದನ್ನು ನೋಡಬಹುದು, ಯಾವುದನ್ನು ನೋಡಲಾಗದು ಎಂಬುದನ್ನು ನಿರ್ಧರಿಸುವುದು ಸಮುದ್ರದ ಋತುಮಾನ. ಆದ್ದರಿಂದ ಪ್ರಯಾಣದ ದಿನಾಂಕವನ್ನು ನಿಗದಿಪಡಿಸುವ ಮೊದಲು ಈ ಪುಟದ ವಿವರಗಳನ್ನು ಗಮನಿಸಲು ಕೋರಲಾಗಿದೆ.

ಯಾವಾಗ ಬರಬೇಕು

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿಯು ಎಲ್ಲ ದೃಷ್ಟಿಯಿಂದಲೂ ಸೂಕ್ತ. ಮಾರ್ಚ್‌ನಿಂದ ಮೇ ಆರಂಭದವರೆಗೆ ಸೆಕೆ ಹೆಚ್ಚು. ಶಾಲಾ ರಜೆಯ ಕಾರಣ ಜನಸಂದಣಿಯೂ ಹೆಚ್ಚು. ನೈಋತ್ಯ ಮುಂಗಾರಿನ ಸಮಯದಲ್ಲಿ ಸಮುದ್ರವು ಪ್ರಕ್ಷುಬ್ಧವಾಗಿರುವುದರಿಂದ, ಸಾಮಾನ್ಯವಾಗಿ ಮೇ ತಿಂಗಳ ಮಧ್ಯಭಾಗದಿಂದ ಸೆಪ್ಟೆಂಬರ್ ಮಧ್ಯಭಾಗದವರೆಗೆ ದ್ವೀಪಕ್ಕೆ ದೋಣಿಗಳನ್ನು ಬಿಡಲಾಗುವುದಿಲ್ಲ ಹಾಗೂ ನೀರಿಗಿಳಿಯಲು ನಿರ್ಬಂಧವಿರುತ್ತದೆ. ನಿಖರ ದಿನಾಂಕವು ಪ್ರತಿ ವರ್ಷ ಹವಾಮಾನಕ್ಕೆ ಅನುಗುಣವಾಗಿ ಬದಲಾಗುತ್ತದೆ. ಮಳೆಗಾಲಕ್ಕೆ ಮುಂಚೆಯೇ ಸಮುದ್ರ ಕೆರಳುವುದೂ ಉಂಟು. ಮೇ 2022ರಲ್ಲಿ ಇಲ್ಲಿ ಉದ್ಘಾಟನೆಗೊಂಡ ತೇಲುವ ಸೇತುವೆಯು ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಹಾನಿಗೊಂಡಿತು.

ಸೈಂಟ್ ಮೇರೀಸ್ ದ್ವೀಪ

ಮಲ್ಪೆಯಿಂದ ಸುಮಾರು 6 ಕಿ.ಮೀ. ದೂರದಲ್ಲಿ ಸಮುದ್ರದೊಳಗಿರುವ ಈ ದ್ವೀಪಸಮೂಹದಲ್ಲಿ ನಾಲ್ಕು ಮುಖ್ಯ ದ್ವೀಪಗಳಿವೆ. ಪ್ರವಾಸಿಗರನ್ನು ಕರೆದೊಯ್ಯುವುದು ತೋನ್ಸೆಪಾರ್ ಎಂದು ಕರೆಯಲಾಗುವ ತೆಂಗಿನಮರಗಳ ದ್ವೀಪಕ್ಕೆ. ಇದು ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲವಿದ್ದು, ಜನವಸತಿ ಇರುವುದಿಲ್ಲ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಮೇರಿ ಮಾತೆಯ ಹೆಸರನ್ನಿಟ್ಟನೆಂಬುದು ಪ್ರತೀತಿ.

ಈ ದ್ವೀಪದ ನಿಜವಾದ ಮಹತ್ವವಿರುವುದು ಅಲ್ಲಿನ ಕಲ್ಲುಗಳಲ್ಲಿ. ಜ್ವಾಲಾಮುಖಿಯ ಲಾವಾರಸವು ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟಾಗ, ಆ ಬಿರುಕುಗಳು ಮೇಲಿನಿಂದ ಕೆಳಕ್ಕೆ ಇಳಿದು ಇಡೀ ಶಿಲೆಯು ಕಂಬಗಳಾಗಿ ಒಡೆಯುತ್ತದೆ. ಐದು, ಆರು, ಏಳು ಮುಖಗಳುಳ್ಳ ಇಂತಹ ಕಂಬಗಳು ಇಲ್ಲಿ ಒತ್ತೊತ್ತಾಗಿ ನಿಂತಿದ್ದು, ಕೆಲವು ಸುಮಾರು 6 ಮೀಟರ್ ಎತ್ತರವಿವೆ. ಯಾರೋ ಉಳಿ ಹಿಡಿದು ಕಡೆದು ಜೋಡಿಸಿಟ್ಟಂತೆ ಕಾಣುವುದು ಸಹಜ. ಇವುಗಳನ್ನು ಬಸಾಲ್ಟ್ ಕಂಬಗಳೆಂದು ಕರೆಯುವ ರೂಢಿ ಇದ್ದರೂ, ಶಿಲೆಯು ಬಸಾಲ್ಟ್‌ಗಿಂತ ಸಿಲಿಕಾ ಅಂಶ ಹೆಚ್ಚಿರುವ ಡೇಸೈಟ್ ಹಾಗೂ ರಯೋಲೈಟ್ ಬಗೆಯದು ಎಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಇದರ ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಆ ಕಾಲದಲ್ಲಿ ಭಾರತದ ಭೂಭಾಗಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಡುತ್ತಿದ್ದು, ಆಗ ಉಕ್ಕಿದ ಲಾವಾದ ಕುರುಹು ಇದೆಂದು ವಿಜ್ಞಾನಿಗಳ ಅಭಿಪ್ರಾಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಈ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುತ್ತದೆ. ಕಂಬಗಳ ಮೇಲೆ ಹೆಸರು ಕೆತ್ತುವುದು, ಕಲ್ಲಿನ ತುಂಡುಗಳನ್ನು ಕೊಂಡೊಯ್ಯುವುದು ಬೇಡ.

ದ್ವೀಪದ ಪಶ್ಚಿಮ ಅಂಚಿನಲ್ಲಿ ಮರಳಿನ ಬದಲು ಕಪ್ಪೆಚಿಪ್ಪುಗಳೇ ರಾಶಿ ಬಿದ್ದಿರುತ್ತವೆ. ನೋಡಲು ಸುಂದರವಾದ ಈ ಭಾಗವೇ ಅತ್ಯಂತ ಅಪಾಯಕಾರಿ. ಬಂಡೆಗಳು ಪಾಚಿಯಿಂದ ಜಾರುತ್ತವೆ, ನೀರಿನ ಆಳವು ಒಮ್ಮೆಲೇ ಹೆಚ್ಚುತ್ತದೆ ಮತ್ತು ತೆರೆದ ಸಮುದ್ರದ ಅಲೆಗಳು ಸೂಚನೆಯಿಲ್ಲದೆ ಬಂಡೆಯ ಮೇಲೇರುತ್ತವೆ. ಏಪ್ರಿಲ್ 2022ರಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದ ಕೇರಳದ ಮೂವರು ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದಲ್ಲಿ ನೀರುಪಾಲಾದರು. ಅದು ಮಳೆಗಾಲವಾಗಿರಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಛಾಯಾಚಿತ್ರಕ್ಕಾಗಿ ಅಂಚಿನ ಬಂಡೆಗಳ ಮೇಲೆ ನಿಲ್ಲಬಾರದು; ವಿದ್ಯಾರ್ಥಿಗಳ ತಂಡ ಕರೆತರುವ ಶಿಕ್ಷಕರು ದೋಣಿ ಇಳಿದ ಕೂಡಲೇ ಈ ವಿಷಯವನ್ನು ಮಕ್ಕಳಿಗೆ ತಿಳಿಸತಕ್ಕದ್ದು.

ದೋಣಿ ಪ್ರಯಾಣಕ್ಕೆ ಅಧಿಕೃತ ಟಿಕೆಟ್ ಕೌಂಟರಿನಲ್ಲಿ ಮಾತ್ರ ಹಣ ಪಾವತಿಸಿ ರಶೀದಿ ಪಡೆಯಬೇಕು. ಜೀವರಕ್ಷಕ ಅಂಗಿಯನ್ನು ಧರಿಸಿಯೇ ದೋಣಿ ಏರಬೇಕು. ಸೆಕೆಯೆಂದು ನಡುದಾರಿಯಲ್ಲಿ ಬಿಚ್ಚಬಾರದು. ಮಧ್ಯಾಹ್ನದ ನಂತರ ಸಮುದ್ರದ ಗಾಳಿ ಬಲವಾಗುವುದರಿಂದ ಚಿಕ್ಕ ಮಕ್ಕಳು ಹಾಗೂ ವೃದ್ಧರೊಂದಿಗೆ ಬರುವವರು ಬೆಳಗಿನ ದೋಣಿಯಲ್ಲಿ ಹೋಗುವುದು ಉತ್ತಮ. ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ.

ಸಮೀಪದಲ್ಲಿಯೇ ಇರುವ ದರಿಯಾ ಬಹಾದ್ದೂರ್‌ಗಢ ದ್ವೀಪದಲ್ಲಿ ಬಿದನೂರಿನ ಬಸಪ್ಪ ನಾಯಕನು ಕಟ್ಟಿಸಿದ ಕೋಟೆಯ ಅವಶೇಷಗಳಿವೆ.

ಮೀನುಗಾರಿಕಾ ಬಂದರು

ಬೆಳಗಿನ ಜಾವ ಬಂದರಿಗೆ ಭೇಟಿ ನೀಡಿದವರು ಮಲ್ಪೆಯನ್ನು ಸರಿಯಾಗಿ ನೋಡಿದವರೆಂದು ಹೇಳಬಹುದು. ಹಲವು ದಿನ ಸಮುದ್ರದಲ್ಲಿದ್ದು ಮರಳಿದ ಆಳಸಮುದ್ರ ಟ್ರಾಲ್ ಬೋಟುಗಳಿಂದ ಮೀನು ಇಳಿಸುವುದು, ಸ್ಥಳದಲ್ಲೇ ಹರಾಜು ಕೂಗುವುದು, ಮಂಜುಗಡ್ಡೆ ಪುಡಿ ಮಾಡಿ ತುಂಬುವುದು, ಮಹಿಳೆಯರು ಮೀನು ವಿಂಗಡಿಸಿ ಬುಟ್ಟಿಗಳಲ್ಲಿ ಹೊತ್ತೊಯ್ಯುವುದು ಇವೆಲ್ಲವೂ ಒಂದೇ ದಕ್ಕೆಯಲ್ಲಿ ನಡೆಯುತ್ತವೆ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಕಾಣೆ, ಸಿಗಡಿ, ಬೊಂಡಾಸ್ ಮುಂತಾದವು ಋತುವಿಗೆ ತಕ್ಕಂತೆ ದೊರೆಯುತ್ತವೆ. ಇದು ಪ್ರದರ್ಶನವಲ್ಲ, ದುಡಿಮೆಯ ಸ್ಥಳ. ತಲೆಹೊರೆ ಹೊತ್ತವರ ದಾರಿಗೆ ಅಡ್ಡ ನಿಲ್ಲದಿರುವುದು, ಒಪ್ಪಿಗೆ ಇಲ್ಲದೆ ಅವರ ಫೋಟೋ ತೆಗೆಯದಿರುವುದು ಮತ್ತು ಮಂಜುಗಡ್ಡೆಯ ಲಾರಿಗಳು ಓಡಾಡುವ ರಸ್ತೆಯಲ್ಲಿ ವಾಹನ ನಿಲ್ಲಿಸದಿರುವುದು ಅವಶ್ಯ. ನೆಲ ಒದ್ದೆಯಾಗಿರುವುದರಿಂದ ಜಾರದ ಪಾದರಕ್ಷೆ ಇರಲಿ.

ಮೊಗವೀರರು ಹಿಂದೆ ನೂರಾರು ಮಂದಿ ಕೂಡಿ ದಡಕ್ಕೆಳೆಯುತ್ತಿದ್ದ ರಂಪಣಿ ಬಲೆಯು, 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಬಹುಮಟ್ಟಿಗೆ ಹಿಂದೆ ಸರಿಯಿತು. ಚಿಕ್ಕ ಪ್ರಮಾಣದ ಕೈರಂಪಣಿಯನ್ನು ಎಳೆಯುವುದು ಕಂಡುಬಂದಲ್ಲಿ ನಿಂತು ನೋಡತಕ್ಕದ್ದು.

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಮೀನುಗಳ ಸಂತಾನೋತ್ಪತ್ತಿಯ ದೃಷ್ಟಿಯಿಂದ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸಲಾಗಿರುತ್ತದೆ. ಆ ಸಮಯದಲ್ಲಿ ಹರಾಜು ಇರುವುದಿಲ್ಲ. ಮೀನಿನ ದರವೂ ಏರಿರುತ್ತದೆ. ಆದರೆ ಹೊಳೆಯುದ್ದಕ್ಕೂ ಸಾಲಾಗಿ ಕಟ್ಟಿದ ಬೋಟುಗಳು ಹಾಗೂ ಬಲೆ ದುರಸ್ತಿ ಮಾಡುವವರ ಕೈಚಳಕವನ್ನು ಕಾಣಲು ಇದೇ ಸಮಯ. ಆಗಸ್ಟ್‌ನಲ್ಲಿ ಮೀನುಗಾರರು ವಡಭಾಂಡೇಶ್ವರದ ದಡದಲ್ಲಿ ಸಮುದ್ರಪೂಜೆ ನೆರವೇರಿಸಿ, ಹಾಲು ತೆಂಗಿನಕಾಯಿ ಅರ್ಪಿಸುತ್ತಾರೆ. ಈ ಪೂಜೆಯು ಕೇವಲ ಆಚರಣೆಯಲ್ಲ. 13 ಡಿಸೆಂಬರ್ 2018ರಂದು ಇಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ತಿಂಗಳುಗಟ್ಟಲೆ ಹುಡುಕಾಟದ ನಂತರ, ಮೇ 2019ರ ಆರಂಭದಲ್ಲಿ ಮಹಾರಾಷ್ಟ್ರದ ಮಾಲ್ವಣ ಸಮೀಪ ಸಮುದ್ರತಳದಲ್ಲಿ ಅದರ ಅವಶೇಷ ಪತ್ತೆಯಾದ ವಿಷಯ ಪ್ರಕಟವಾಯಿತು. ತಟ್ಟೆಯಲ್ಲಿನ ಮೀನಿನ ಬೆಲೆಯ ಬಗ್ಗೆ ಚೌಕಾಸಿ ಮಾಡುವವರಿಗೆ ಇದು ತಿಳಿದಿರುವುದು ಒಳ್ಳೆಯದು.

ಕಡಲತೀರ ಮತ್ತು ವಡಭಾಂಡೇಶ್ವರ

ಮಲ್ಪೆ ಕಡಲತೀರವು ಅಗಲವಾದ ಮರಳಿನ ದಡವಾಗಿದ್ದು, ಮಹಾತ್ಮ ಗಾಂಧಿಯವರ ಪ್ರತಿಮೆ, ಮಕ್ಕಳ ಆಟ ಹಾಗೂ ಜಲಕ್ರೀಡೆಗಳಿವೆ. ಬಂದರಿನ ಬದಿಯ ಅಲೆತಡೆಗೋಡೆಯ ಮೇಲೆ 2018ರಲ್ಲಿ ಸೀ ವಾಕ್ ನಡಿಗೆದಾರಿಯನ್ನು ನಿರ್ಮಿಸಲಾಗಿದೆ. ಬೋಟುಗಳು ಅಳಿವೆಯ ಮೂಲಕ ಒಳಬರುವುದನ್ನು ಸಂಜೆ ಇಲ್ಲಿಂದ ನೋಡಬಹುದು. ಸ್ನಾನಕ್ಕೆ ಇಳಿಯುವವರು ಜೀವರಕ್ಷಕ ಸಿಬ್ಬಂದಿ ಇರುವ ಭಾಗದಲ್ಲಿಯೇ ಇಳಿಯಬೇಕು. ಅವರು ಶಿಳ್ಳೆ ಹಾಕಿದರೆ ವಾದಿಸದೆ ಹಿಂದಿರುಗಬೇಕು. ಕೊಚ್ಚಿಕೊಂಡು ಹೋಗುವ ಸೆಳೆತಕ್ಕೆ ಸಿಲುಕಿದವರು ದಡದತ್ತ ನೇರವಾಗಿ ಈಜಲು ಯತ್ನಿಸಿ ದಣಿಯುವ ಬದಲು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು.

ಕಡಲತೀರದ ಸನಿಹದಲ್ಲಿರುವ ವಡಭಾಂಡೇಶ್ವರ ದೇವಾಲಯವು ಬಲರಾಮನದು. ಹದಿಮೂರನೆಯ ಶತಮಾನದಲ್ಲಿ, ದ್ವಾರಕೆಯ ಕಡೆಯಿಂದ ಬಂದು ಬಿರುಗಾಳಿಗೆ ಸಿಲುಕಿದ ಹಡಗನ್ನು ಶ್ರೀ ಮಧ್ವಾಚಾರ್ಯರು ಇದೇ ದಡದಿಂದ ಪಾರುಗಾಣಿಸಿ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯನ್ನು ಪಡೆದರೆಂದೂ, ಅದರೊಳಗಿನ ಕೃಷ್ಣನ ವಿಗ್ರಹವನ್ನು ಉಡುಪಿಯಲ್ಲಿ, ಬಲರಾಮನದನ್ನು ಇಲ್ಲಿ ಪ್ರತಿಷ್ಠಾಪಿಸಿದರೆಂದೂ ಪ್ರತೀತಿ. ಕೃಷ್ಣ ಮಠಕ್ಕೆ ಹೋದವರು ಈ ಚಿಕ್ಕ ಗುಡಿಯನ್ನು ನೋಡದೆ ಹಿಂದಿರುಗುವುದೇ ಹೆಚ್ಚು.

ಸುತ್ತಮುತ್ತ

ಜನಸಂದಣಿ ಬೇಡವೆನ್ನುವವರು ಸೇತುವೆ ದಾಟಿ ಪಡುಕೆರೆಗೆ ಹೋಗಬಹುದು. ಅಲ್ಲಿ ಒಂದು ಬದಿ ಹೊಳೆ, ಇನ್ನೊಂದು ಬದಿ ಸಮುದ್ರ. ಉತ್ತರಕ್ಕೆ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಸಮುದ್ರ ಸೇರುತ್ತವೆ. ದಕ್ಷಿಣಕ್ಕೆ ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಇನ್ನೂ ಮುಂದಿನ ಪಡುಬಿದ್ರೆಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ದೊರೆತಿರುತ್ತದೆ.

ತಲುಪುವ ಬಗೆ ಮತ್ತು ಸಂಪರ್ಕ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬರುವವರು ಉಡುಪಿಯ ಕರಾವಳಿ ಜಂಕ್ಷನ್‌ನಲ್ಲಿ ಪಶ್ಚಿಮಕ್ಕೆ ತಿರುಗಬೇಕು. ಕೊಂಕಣ ರೈಲ್ವೆಯ ಉಡುಪಿ ನಿಲ್ದಾಣವು ಇಂದ್ರಾಳಿಯಲ್ಲಿದ್ದು, ವಿಮಾನದಲ್ಲಿ ಬರುವವರಿಗೆ ಮಂಗಳೂರು ಸಮೀಪ. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸುಗಳು ಸಂಚರಿಸುತ್ತವೆ. ಕಡಲತೀರ ಅಥವಾ ದ್ವೀಪದಲ್ಲಿ ಚಿತ್ರೀಕರಣ, ಡ್ರೋನ್ ಬಳಕೆ, ಸಾರ್ವಜನಿಕ ಕಾರ್ಯಕ್ರಮ ನಡೆಸಲು ಇಚ್ಛಿಸುವವರು ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು. ಜಿಲ್ಲಾಧಿಕಾರಿಗಳ ಕಚೇರಿಯು ಮಣಿಪಾಲದ ರಜತಾದ್ರಿಯಲ್ಲಿ ಇರುತ್ತದೆ. ಸಮುದ್ರದಲ್ಲಿ ಅಪಾಯ ಕಂಡುಬಂದಲ್ಲಿ ಕರಾವಳಿ ಕಾವಲು ಪೊಲೀಸರ ಉಚಿತ ದೂರವಾಣಿ 1093 ಅಥವಾ ತುರ್ತು ಸಂಖ್ಯೆ 112ಕ್ಕೆ ಕೂಡಲೇ ತಿಳಿಸುವುದು.