ಬೆಣಚುಕಲ್ಲಿನ ಬಿಲ್ಲೆ: ಒಂದು ಆಯ್ಕೆಯ ಚರಿತ್ರೆ

ರೇಡಿಯೋ ನಿಲಯದ ಅಲೆಯು ತನ್ನ ಸ್ಥಾನದಿಂದ ಕದಲದಿರುವುದಕ್ಕೂ ಗಡಿಯಾರವು ತಪ್ಪದೆ ನಡೆಯುವುದಕ್ಕೂ ಆಧಾರವಾದುದು ಬೆಣಚುಕಲ್ಲಿನ ಒಂದು ಚಿಕ್ಕ ಬಿಲ್ಲೆ. ಆದರೆ ಎಲ್ಲ ಬಿಲ್ಲೆಗಳೂ ಎಲ್ಲ ಕೆಲಸಕ್ಕೂ ಒದಗವು. ವಿದ್ಯುದಾಂದೋಲಕಕ್ಕೆ ಸ್ಫಟಿಕವನ್ನು ಆರಿಸುವವನು ಅದರ ಕಂಪನಾಂಕವೆಷ್ಟು, ಅದನ್ನು ಯಾವ ಕೋನದಲ್ಲಿ ಕೊಯ್ದಿದ್ದಾರೆ, ದಿನಗಳೆದಂತೆ ಅದು ಎಷ್ಟು ಬದಲಾದೀತು, ಯಾವ ಮಂಡಲಕ್ಕೆ ಹೊಂದೀತು ಎಂದು ವಿಚಾರಿಸಬೇಕಾಗುತ್ತದೆ. ಈ ಪ್ರಶ್ನೆಗಳಲ್ಲಿ ಒಂದೊಂದರ ಹಿಂದೆಯೂ ಒಂದು ತೊಡಕಿನ ಕಥೆಯುಂಟು.

1880ರಲ್ಲಿ ಪ್ಯಾರಿಸ್ಸಿನ ಜಾಕ್ ಮತ್ತು ಪಿಯೆರ್ ಕ್ಯೂರಿ ಸೋದರರು ಬೆಣಚುಕಲ್ಲಿನ ಸ್ಫಟಿಕವನ್ನು ಒತ್ತಿದಾಗ ಅದರ ಮುಖಗಳಲ್ಲಿ ವಿದ್ಯುತ್ತು ತೋರುವುದೆಂದು ಕಂಡುಹಿಡಿದರು. ವಿದ್ಯುತ್ತನ್ನು ಕೊಟ್ಟರೆ ಸ್ಫಟಿಕವು ಕುಗ್ಗಿ ಹಿಗ್ಗಬೇಕೆಂದು 1881ರಲ್ಲಿ ಲಿಪ್‌ಮನ್ ಗಣಿತದಿಂದ ಸಾಧಿಸಿದನು. ಸೋದರರು ಅದನ್ನೂ ಪ್ರಯೋಗದಿಂದ ಸ್ಥಿರಪಡಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಲಾಂಜೆವಾನ್ ಜಲಾಂತರ್ಗಾಮಿಗಳನ್ನು ಶಬ್ದದಿಂದ ಪತ್ತೆಹಚ್ಚಲು ಈ ಗುಣವನ್ನು ಬಳಸಿದನು. 1921ರಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ವಾಲ್ಟರ್ ಕೇಡಿ ಎಂಬಾತನು ರೇಡಿಯೋ ವಾಲ್ವಿನ ಮಂಡಲಕ್ಕೆ ಬೆಣಚುಕಲ್ಲಿನ ತುಂಡನ್ನು ಜೋಡಿಸಿ ಅದರ ಆಂದೋಲನವನ್ನು ಸ್ಥಿರಗೊಳಿಸಿದನು. 1923ರಲ್ಲಿ ಹಾರ್ವರ್ಡಿನ ಪಿಯರ್ಸ್ ಒಂದೇ ವಾಲ್ವಿನಿಂದ ನಡೆಯುವ ಸರಳ ಮಂಡಲವನ್ನು ರಚಿಸಿದನು. 1927ರಲ್ಲಿ ಬೆಲ್ ಪ್ರಯೋಗಶಾಲೆಯ ಹಾರ್ಟನ್ ಮತ್ತು ಮ್ಯಾರಿಸನ್ ಸ್ಫಟಿಕದಿಂದ ನಡೆಯುವ ಗಡಿಯಾರವನ್ನೇ ಕಟ್ಟಿದರು.

ಮೊದಲನೆಯ ತೊಡಕು ಉಷ್ಣತೆಯದು. ಆಗಿನ ‘ಎಕ್ಸ್’ ಕೊಯ್ತದ ಬಿಲ್ಲೆಯ ಕಂಪನಾಂಕವು ಕಾವೇರಿದಂತೆ ಇಳಿಯುತ್ತಿತ್ತು. ‘ವೈ’ ಕೊಯ್ತದ್ದು ಏರುತ್ತಿತ್ತು, ಕೆಲವೊಮ್ಮೆ ಥಟ್ಟನೆ ಬೇರೊಂದು ಕಂಪನಾಂಕಕ್ಕೆ ನೆಗೆಯುತ್ತಿತ್ತು. ಇವನ್ನು ಸದಾ ಒಂದೇ ಕಾವಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕಾಗಿದ್ದಿತು. 1934ರಲ್ಲಿ ಬೆಲ್ ಪ್ರಯೋಗಶಾಲೆಯ ಲ್ಯಾಕ್, ವಿಲರ್ಡ್, ಫೇರ್ ಎಂಬವರು ಸ್ಫಟಿಕದ ಉದ್ದನೆಯ ಅಕ್ಷಕ್ಕೆ ಸುಮಾರು 35 ಡಿಗ್ರಿ 15 ಮಿನಿಟು ಓರೆಯಾಗಿ ಕೊಯ್ದ ಬಿಲ್ಲೆಯು ವಾಡಿಕೆಯ ಕಾವಿನಲ್ಲಿ ಬಹುಮಟ್ಟಿಗೆ ಅಚಲವಾಗಿರುವುದೆಂದು ತೋರಿಸಿದರು. ಅದೇ ಕಾಲದಲ್ಲಿ ಜಪಾನಿನ ಕೋಗನೂ ಸ್ವತಂತ್ರವಾಗಿ ಇದನ್ನು ಕಂಡುಕೊಂಡನು. ಇದೇ ‘ಏಟಿ’ ಕೊಯ್ತ. ಕಲ್ಲು ಅದೇ, ಕೊಯ್ಯುವ ಕೋನವೊಂದರಿಂದ ಅದರ ನಡತೆಯೇ ಬೇರೆಯಾಯಿತು.

ಇಂತಹ ಬಿಲ್ಲೆಯು ಸೆಕೆಂಡಿಗೆ 10 ಲಕ್ಷ ಸಲ ಕಂಪಿಸಬೇಕಾದರೆ ಸುಮಾರು 1.66 ಮಿಲಿಮೀಟರು ದಪ್ಪವಿರಬೇಕು; 1 ಕೋಟಿ ಸಲ ಕಂಪಿಸಬೇಕಾದರೆ ಅದರ ಹತ್ತನೆಯ ಒಂದು ಪಾಲು. ಇನ್ನೂ ತೆಳುಮಾಡುತ್ತ ಹೋದರೆ ಬಿಲ್ಲೆ ಮುರಿಯುವುದು. ಆದುದರಿಂದ ಹೆಚ್ಚಿನ ಕಂಪನಾಂಕಗಳಿಗೆ ಅದನ್ನು ಮೂರನೆಯ ಅಥವಾ ಐದನೆಯ ಮೇಲುಸ್ವರದಲ್ಲಿ ನುಡಿಸುತ್ತಾರೆ. ಮಂಡಲವು ಅದಕ್ಕೆ ತಕ್ಕುದಲ್ಲದಿದ್ದರೆ ಮೂರನೆಯ ಸ್ವರದ ಬಿಲ್ಲೆಯು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿನ ಕಂಪನಾಂಕದಲ್ಲಿಯೇ ನುಡಿಯತೊಡಗುವುದು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಲಕ್ಷಾಂತರ ಬಿಲ್ಲೆಗಳು ಬೇಕಾದುವು. ನಮ್ಮ ಹೊಲಗಳಲ್ಲಿ ಕಾಣುವ ಹಾಲುಬಣ್ಣದ ಬೆಣಚುಕಲ್ಲು ಇದಕ್ಕೆ ಬಾರದು. ಬಿರುಕಿಲ್ಲದ ಏಕಸ್ಫಟಿಕವೇ ಬೇಕು. ಅದು ಹೆಚ್ಚಾಗಿ ಬ್ರೆಜಿಲಿನಿಂದ ಬರುತ್ತಿತ್ತು. ಆಗಲೇ ದೊಡ್ಡ ಗಂಡಾಂತರವೊಂದು ಕಾಣಿಸಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಬಿಲ್ಲೆಗಳು ಉಗ್ರಾಣದಲ್ಲಿದ್ದಾಗಲೇ ಕಂಪನಾಂಕ ತಪ್ಪಿದುವು. ಕೆಲವು ಕಂಪಿಸುವುದನ್ನೇ ನಿಲ್ಲಿಸಿದುವು. ರಣರಂಗದಲ್ಲಿ ಹೀಗಾದರೆ ಒಂದು ದಳದ ಕೂಗು ಇನ್ನೊಂದಕ್ಕೆ ಕೇಳುವಂತಿಲ್ಲ. ಉಜ್ಜಿ ತೆಳುಮಾಡುವಾಗ ಮೇಲ್ಮೈಯಲ್ಲಿ ಉಳಿದ ಸಣ್ಣ ಚೂರುಗಳು ತೇವದಿಂದ ಸಡಿಲವಾಗುವುದೇ ಇದಕ್ಕೆ ಕಾರಣವೆಂದು ತಿಳಿದುಬಂದಿತು. ಕೊನೆಯ ಹದವನ್ನು ಉಜ್ಜುವುದರ ಬದಲು ಆಮ್ಲದಿಂದ ಕೊರೆಯಿಸಿ ತಂದುದರಿಂದ ರೋಗವು ವಾಸಿಯಾಯಿತು. ಯುದ್ಧಾನಂತರ ಕ್ಷಾರದ್ರಾವಣದಲ್ಲಿ ಅಧಿಕ ಕಾವು ಒತ್ತಡಗಳಲ್ಲಿ ಸ್ಫಟಿಕವನ್ನು ಬೆಳೆಸುವ ವಿಧಾನವು ಬಲಿತು, 1950ರ ದಶಕದ ಕೊನೆಗೆ ಉದ್ಯಮವಾಯಿತು.

1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಸಂಸ್ಥೆಯು ಸ್ಫಟಿಕದ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಅದರ ಕಂಪನಾಂಕ 8,192. ಮುಂದೆ 32,768 ರೂಢಿಯಾಯಿತು. ಈ ಸಂಖ್ಯೆಯನ್ನು 15 ಸಲ ಅರ್ಧಮಾಡಿದರೆ 1 ಉಳಿಯುವುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ಶ್ರುತಿಕವಲಿನ ಆಕಾರದ ಈ ಸ್ಫಟಿಕವು 25 ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ನಡೆದು, ಅದಕ್ಕಿಂತ ಕಾವು ಏರಿದರೂ ಇಳಿದರೂ ನಿಧಾನವಾಗುವುದು. 45 ಡಿಗ್ರಿಯಲ್ಲಿ ಅದು ದಿನಕ್ಕೆ ಸುಮಾರು 1.2 ಸೆಕೆಂಡು ಹಿಂದೆ ಬೀಳುವುದು.

ಕೊನೆಯ ಪ್ರಶ್ನೆ ಮಂಡಲದ್ದು. ಸ್ಫಟಿಕದ ಮೇಲೆ ಬರೆದ ಕಂಪನಾಂಕವು ಗೊತ್ತುಪಡಿಸಿದ ವಿದ್ಯುದ್ಧಾರಕತೆಯೊಡನೆ ಮಾತ್ರ ದಿಟ. 12.5 ಪೈಕೋಫ್ಯಾರಡಿಗೆಂದು ಮಾಡಿದ್ದಕ್ಕೆ ಕಡಿಮೆ ಕೊಟ್ಟರೆ ಗಡಿಯಾರ ಮುಂದೋಡುವುದು. ಹೆಚ್ಚು ಕೊಟ್ಟರೆ ಹಿಂದುಳಿಯುವುದು. ಹತ್ತು ಲಕ್ಷಕ್ಕೆ 20 ಪಾಲಿನ ತಪ್ಪು ಅಲ್ಪವೆನಿಸಿದರೂ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಹತ್ತಿರ ಹತ್ತಿರ 52 ಸೆಕೆಂಡು ಆಗುವುದು.

ಹೀಗೆ, ಉತ್ತಮ ಸ್ಫಟಿಕ ಯಾವುದೆಂಬುದನ್ನು ಅದು ಮಾಡಬೇಕಾದ ಕೆಲಸವೇ ನಿರ್ಣಯಿಸುತ್ತದೆ. ಗಡಿಯಾರಕ್ಕೆ ಶ್ರುತಿಕವಲು, ರೇಡಿಯೋಗೆ ಏಟಿ ಕೊಯ್ತ, ಅತಿ ನಿಷ್ಕೃಷ್ಟವಾದ ಅಳತೆಗೆ ಇಂದಿಗೂ ಕಾವಿನ ಪೆಟ್ಟಿಗೆ. ಕೆಟ್ಟುಹೋದ ಗಡಿಯಾರವೊಂದನ್ನು ತರಗತಿಯಲ್ಲಿ ಬಿಚ್ಚಿದರೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಲೋಹದ ಕೊಳವೆಯೊಂದು ಕಾಣಸಿಗುವುದು. ಈ ಚರಿತ್ರೆಯನ್ನು ಹೇಳಿಕೊಡಲು ಉಪಾಧ್ಯಾಯರಿಗೆ ಅಷ್ಟು ಸಲಕರಣೆ ಸಾಕು.