ಪದ ಪರಿಚಯ: ಕ್ರೌನ್

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಜೀಪು, ಟೆಂಪೋ ನಂಬಿ ಬದುಕುವವರಿಗೆ ಈ ಪದ ಹೊಸದಲ್ಲ. ಹಿಂದಿನ ಆಕ್ಸಲ್‌ನ ಹೌಸಿಂಗ್ ಒಳಗೆ ತಿರುಗುವ ದೊಡ್ಡ ಹಲ್ಲಿನ ಚಕ್ರವೇ ಕ್ರೌನ್. ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಬಳೆಯಂಥ ಚಕ್ರದ ಒಂದು ಮುಖದಲ್ಲಿ ಹಲ್ಲುಗಳು ಕಿರೀಟದಂತೆ ಎದ್ದಿರುವುದರಿಂದ ಇಂಗ್ಲಿಷಿನಲ್ಲಿ ಈ ಹೆಸರು. ಇಂಗ್ಲಿಷಿಗೆ ಅದು ಫ್ರೆಂಚ್ ಮೂಲಕ ಬಂದದ್ದು. ಮೂಲ ಲ್ಯಾಟಿನ್ನಿನ ‘ಕೊರೋನಾ’, ಅಂದರೆ ಹೂಮಾಲೆ, ಕಿರೀಟ.

ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ‘ರೇಶಿಯೊ’. ಹಳೆಯ ವಿಲ್ಲಿಸ್ ಸಿಜೆ-3ಬಿ ಜೀಪಿನಲ್ಲಿ ಇದು 43ಕ್ಕೆ 8, ಅಂದರೆ ಸುಮಾರು 5.38. ಯುದ್ಧಕಾಲದ ವಿಲ್ಲಿಸ್ ಎಂಬಿಯಲ್ಲಿ 39ಕ್ಕೆ 8, ಸುಮಾರು 4.88. ಅಂಕಿ ಹೆಚ್ಚಾದಷ್ಟು ಎಳೆತ ಹೆಚ್ಚು, ಓಟ ಕಡಿಮೆ. ಗೇರು, ಟೈರು ಒಂದೇ ಇದ್ದರೆ, ಅದೇ ವೇಗಕ್ಕೆ 5.38ರ ಎಂಜಿನ್ ಶೇ. 10ರಷ್ಟು ಹೆಚ್ಚು ಸುತ್ತಬೇಕು.

ಹಡಗಲಿಯ ಎರೆಹೊಲದ ದಾರಿಯಲ್ಲಿ ಹೇರು ಹೊತ್ತು ಸಾಗುವ ಗಾಡಿಗೆ ದೊಡ್ಡ ಅಂಕಿಯೇ ಸರಿ. ಕೂಡ್ಲಿಗಿಯಿಂದ ಹೆದ್ದಾರಿ ಹಿಡಿದು ಚಿತ್ರದುರ್ಗಕ್ಕೆ ದಿನವೂ ಓಡುವುದಕ್ಕೆ ಚಿಕ್ಕ ಅಂಕಿ ಹಿತ. ಎಂಜಿನ್‌ಗೂ ನೆಮ್ಮದಿ, ಡೀಸೆಲ್ಲೂ ಉಳಿತಾಯ.

ಕ್ರೌನ್ ಬದಲಿಸುವವರು ಮೂರು ಮಾತು ಮರೆಯಬಾರದು. ಕ್ರೌನ್, ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು. ಫೋರ್ ವೀಲ್ ಜೀಪಿನಲ್ಲಿ ಹಿಂದಿನ ರೇಶಿಯೊ ಬದಲಾದರೆ ಮುಂದಿನದೂ ಬದಲಾಗಬೇಕು. ಗೇರ್‌ಬಾಕ್ಸ್‌ ಕಡೆಯಿಂದ ನಡೆಯುವ ಸ್ಪೀಡೋಮೀಟರನ್ನೂ ಸರಿಪಡಿಸಿಕೊಳ್ಳಬೇಕು.