ಡೇರೆಗೆ ಬಂದ ಕಾಮಿನಿ

ಬಯಲುಸೀಮೆಯ ಊರುಗಳಲ್ಲಿ ಹೊತ್ತು ಮುಳುಗದೆ ಸಿನಿಮಾ ಶುರುವಾಗದ ಕಾಲವೊಂದಿತ್ತು. ಟೂರಿಂಗ್ ಟಾಕೀಸಿನ ಧ್ವನಿವರ್ಧಕದಲ್ಲಿ ‘ನಮೋ ವೆಂಕಟೇಶ’ ಕೇಳಿಸಿತೆಂದರೆ ಟಿಕೆಟ್ ಕೊಡುತ್ತಿದ್ದಾರೆಂದೇ ಲೆಕ್ಕ. ನೆಲದ ಟಿಕೆಟ್ಟಿನವರು ಮುಂದಿನವರ ತಲೆ ಅಡ್ಡ ಬಾರದಿರಲೆಂದು ಮರಳನ್ನು ಗುಡ್ಡೆ ಮಾಡಿಕೊಂಡು, ಅದರ ಮೇಲೆ ಟವೆಲ್ ಹಾಸಿ ಕೂರುತ್ತಿದ್ದರು. ಪ್ರೊಜೆಕ್ಟರ್ ಒಂದೇ ಇದ್ದ ಡೇರೆಯಲ್ಲಿ ರೀಲು ಮುಗಿದಾಗಲೆಲ್ಲ ದೀಪ ಹೊತ್ತುತ್ತಿತ್ತು, ಕಡಲೆಕಾಯಿ ಮಾರುವ ಹುಡುಗರು ಒಳನುಗ್ಗುತ್ತಿದ್ದರು. ತೂಬಗೆರೆಯಂಥ ಹೋಬಳಿ ಊರುಗಳಿಗೆ ಹೊಸ ಚಿತ್ರ ತಲುಪುತ್ತಿದ್ದುದು ಬೆಂಗಳೂರಿನಲ್ಲಿ ಓಡಿ ದಣಿದ ಮೇಲೆ, ಮೈತುಂಬ ಗೀರು ಬಿದ್ದ ಪ್ರಿಂಟಾಗಿ.

1979. ದೆವ್ವದ ಚಿತ್ರಗಳಿಂದಲೇ ಹೆಸರು ಮಾಡಿದ್ದ ಇಂಗ್ಲೆಂಡಿನ ಹ್ಯಾಮರ್ ಕಂಪನಿ ಸಾಲದಲ್ಲಿ ಮುಳುಗಿದ ವರ್ಷ. 1958ರಲ್ಲಿ ಕ್ರಿಸ್ಟೋಫರ್ ಲೀ ಅವರ ಡ್ರಾಕುಲಾನಿಂದ ಊರೂರನ್ನು ನಡುಗಿಸಿದ ಸಂಸ್ಥೆಯದು. 1973ರಲ್ಲಿ ಅಮೆರಿಕದ ‘ದಿ ಎಕ್ಸಾರ್ಸಿಸ್ಟ್’ ಬಂದಮೇಲೆ ಅದರ ಹಳೆಯ ಕೋಟೆಗೂ ಬಾವಲಿಗೂ ಜನ ಹೆದರದಾದರು. ಅದೇ ಲೀ ನಟಿಸಿದ, 1976ರ ‘ಟು ದಿ ಡೆವಿಲ್ ಅ ಡಾಟರ್’ ಆ ಕಾಲದ ಹ್ಯಾಮರ್‌ನ ಕೊನೆಯ ಭೀತಿಚಿತ್ರವಾಯಿತು.

ಅಲ್ಲಿ ದೀಪ ಆರುತ್ತಿದ್ದ ಆ ವರ್ಷವೇ ಇಲ್ಲಿ ವಿಜಯ್ ನಿರ್ದೇಶನದ ‘ನಾ ನಿನ್ನ ಬಿಡಲಾರೆ’ ತೆರೆಕಂಡಿತು. ಬಯಸಿದವನು ಒಲಿಯದೆ ಸತ್ತ ಕಾಮಿನಿ, ಅವನಿಗೆ ಮದುವೆಯಾದ ಮೇಲೆ ಅವನ ಮೈಯನ್ನೇ ಹೊಗುತ್ತಾಳೆ. ಹೆಂಗಸಿಗೆ ಗಾಳಿ ಮೆಟ್ಟಿಕೊಳ್ಳುವ ಕಥೆಗಳನ್ನು ಹಳ್ಳಿ ಎಷ್ಟೋ ಕೇಳಿತ್ತು. ಇಲ್ಲಿ ಮೆಟ್ಟಿಕೊಂಡದ್ದು ಗಂಡಸಿಗೆ, ಅದೂ ಓದಿದ ಗಂಡಸಿಗೆ. ಅನಂತನಾಗ್ ಅದನ್ನು ಕಣ್ಣಿನಲ್ಲೇ ತೋರಿಸಿದರು. ಈಗಷ್ಟೇ ಹೆಂಡತಿಯೊಡನೆ ನಗುತ್ತಿದ್ದ ಮುಖ ಬಿಗಿಯುತ್ತದೆ, ನೋಟ ನೆಟ್ಟಗಾಗುತ್ತದೆ. ಅವನೊಳಗಿಂದ ಇನ್ಯಾರೋ ನೋಡುತ್ತಿದ್ದಾರೆಂದು ಮೈ ಜುಮ್ಮೆನ್ನುತ್ತದೆ. ಕನ್ನಡ ತೆರೆಯ ಮೇಲೆ ಅದಕ್ಕಿಂತ ದೊಡ್ಡ ಭಯವನ್ನು ನಾನು ಕಂಡಿಲ್ಲ. 1981ರಲ್ಲಿ ಅದೇ ಕಥೆ ‘ಮಂಗಳಸೂತ್ರ’ವಾಗಿ, ರೇಖಾ ಜೊತೆಗೆ, ಅನಂತನಾಗ್ ಅವರನ್ನೇ ಹಿಂದಿಗೂ ಕರೆದೊಯ್ದಿತು.

ಕನ್ನಡದ ಚಿತ್ರದಲ್ಲಿ ಗಂಡನನ್ನು ಉಳಿಸಿಕೊಳ್ಳಲು ನಟಿ ಲಕ್ಷ್ಮಿಯವರ ಪಾತ್ರ ಹೋಗುವುದು ಮಂತ್ರಾಲಯಕ್ಕೆ. ಹ್ಯಾಮರ್‌ನ ಶಿಲುಬೆ ಕೊನೆಕೊನೆಗೆ ಬರೀ ನಾಟಕದ ಸಾಮಾನಾಗಿತ್ತು. ರಾಯರ ಬೃಂದಾವನ ಹಾಗಲ್ಲ; ಗುರುವಾರ ಒಪ್ಪತ್ತು ಇರುವವರು, ಹರಕೆ ಹೊತ್ತವರು ಡೇರೆಯ ಮರಳಿನ ಮೇಲೇ ಕೂತಿರುತ್ತಿದ್ದರು. ಬೃಂದಾವನ ಕಂಡೊಡನೆ ಕತ್ತಲಲ್ಲಿ ಬಳೆಗಳ ಸದ್ದಾಗುತ್ತಿತ್ತು: ಹೆಂಗಸರು ಕೈಮುಗಿಯುತ್ತಿದ್ದರು.

ಎರಡನೇ ಆಟ ಬಿಟ್ಟಾಗ ನಡುರಾತ್ರಿ. ಜನರೇಟರ್ ನಿಂತೊಡನೆ ಕತ್ತಲು ಒಮ್ಮೆಗೇ ಮೇಲೆ ಬೀಳುತ್ತಿತ್ತು. ಪಕ್ಕದ ಹಳ್ಳಿಗಳವರು ಗುಂಪು ಕಟ್ಟಿ, ಮಕ್ಕಳನ್ನು ನಡುವೆ ಹಾಕಿಕೊಂಡು, ಹುಣಸೆಮರದ ತಿರುವು ದಾಟುವವರೆಗೂ ಗಟ್ಟಿಯಾಗಿ ಮಾತಾಡುತ್ತ ಹೋಗುತ್ತಿದ್ದರು.